ಹಳೆಯ ಬ್ಯಾಟರಿ ಕೊಳ್ಳುವ ಮುನ್ನ

(ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ)

ಸಂಜೆ ಹಾಲು ಹಾಕುವ ಹೊತ್ತಿಗೆ ಕರೆಂಟು ಹೋದರೆ ಸಂಘದಲ್ಲಿ ಆಗುವ ಪೇಚಾಟ ನಿಮಗೆಲ್ಲ ಗೊತ್ತು. ಪರೀಕ್ಷಾ ಯಂತ್ರ, ತೂಕದ ಯಂತ್ರ, ಕಂಪ್ಯೂಟರ್ ಎಲ್ಲವೂ ಆಗ ಬ್ಯಾಟರಿಯನ್ನೇ ನಂಬಿರುತ್ತವೆ. ಜಿಡ್ಡಿನಂಶ ಅಳೆಯದೆ ನಿಮ್ಮ ಹಾಲಿಗೆ ದರ ಕಟ್ಟಲಾಗದು. ಹೀಗಿರುವಾಗ ವಿದ್ಯುತ್ ಆಟೋಗಳಿಂದ ಇಳಿಸಿದ ಲಿಥಿಯಂ ಬ್ಯಾಟರಿ ಅಗ್ಗಕ್ಕೆ ಸಿಗುತ್ತದೆಂದರೆ ಆಸೆಯಾಗುವುದು ಸಹಜ. ಕೊಳ್ಳಬಹುದೆ? ಒಳಗಿನ ಸೆಲ್‌ಗಳನ್ನು ಪರೀಕ್ಷಿಸಿ ಸರಿಹೊಂದಿಸಿದ್ದರೆ ಮಾತ್ರ ಕೊಳ್ಳಬಹುದು.

ಗಾಡಿ ಓಡಿಸಲು ಸಾಲದಾದ ಬ್ಯಾಟರಿಯಲ್ಲೂ ಶೇ. 70-80ರಷ್ಟು ಸಾಮರ್ಥ್ಯ ಉಳಿದಿರುವುದುಂಟು. ಆದರೆ ಎಲ್ಲ ಸೆಲ್‌ಗಳೂ ಒಂದೇ ಸಮನೆ ಸವೆದಿರುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಒಂದು ಸೆಲ್ 3.2 ವೋಲ್ಟ್, ಅಂಥ 4 ಸೆಲ್ ಸಾಲಾಗಿ ಸೇರಿದರೆ 12.8 ವೋಲ್ಟ್. ಮೂರು ಸೆಲ್‌ಗಳು 80 ಆಂಪಿಯರ್-ಗಂಟೆ ಕೊಡುವಂತಿದ್ದು, ನಾಲ್ಕನೆಯದು 50 ಮಾತ್ರ ಕೊಡುವಂತಿದ್ದರೆ, ಇಡೀ ಬ್ಯಾಟರಿಯಿಂದ ಸಿಗುವುದು 50 ಅಷ್ಟೇ. ಸೊರಗಿದ ಎತ್ತು ನಡೆದಷ್ಟೇ ಜೋಡಿಯ ನಡಿಗೆ.

ಇಲ್ಲಿ ಕೆಲಸ ಎರಡು. ಹಾಲಿನ ಕ್ಯಾನಿನ ಅಳತೆ ಬೇರೆ, ಅದರೊಳಗಿನ ಹಾಲಿನ ಮಟ್ಟ ಬೇರೆ ಅಲ್ಲವೆ? ಮೊದಲು ಪ್ರತಿ ಸೆಲ್ಲನ್ನೂ ಪೂರ್ತಿ ಚಾರ್ಜ್ ಮಾಡಿ, ಖಾಲಿ ಮಾಡಿ, ಸಾಮರ್ಥ್ಯ ಅಳೆದು ಸರಿಸಮನಾದವುಗಳನ್ನೇ ಆರಿಸಬೇಕು. ಅನಂತರ ಎಲ್ಲವನ್ನೂ 3.65 ವೋಲ್ಟ್‌ವರೆಗೆ ಚಾರ್ಜ್ ಮಾಡಿ ಒಂದೇ ಮಟ್ಟಕ್ಕೆ ತರಬೇಕು. ಇದೇ ಸಮತೋಲನ. ಇದರಿಂದ ಸವೆದ ಸೆಲ್ ಹೊಸದಾಗದು. ಉಳಿದಿರುವ ಶಕ್ತಿ ಪೂರ್ತಿ ಬಳಕೆಗೆ ಬರುತ್ತದೆ. ಮುಂದೆ ಈ ಸಮತೋಲನ ಕೆಡದಂತೆ ನೋಡಿಕೊಳ್ಳಲು, ಯಾವ ಸೆಲ್ಲೂ 3.65 ಮೀರದಂತೆ, 2.5ಕ್ಕಿಂತ ಇಳಿಯದಂತೆ ತಡೆಯಲು ರಕ್ಷಣಾ ಸರ್ಕ್ಯೂಟ್ ಇರಲೇಬೇಕು.

ಇದು ನುರಿತ ತಂತ್ರಜ್ಞರ ಕೆಲಸ. ಮನೆಯಲ್ಲಿ, ಹುಲ್ಲಿನ ಬಣವೆಯ ಪಕ್ಕದಲ್ಲಿ ಬಿಚ್ಚಿ ನೋಡಬೇಡಿ. ಉಬ್ಬಿದ, ಸೋರುವ ಸೆಲ್ ಎಷ್ಟೇ ಅಗ್ಗವಾದರೂ ಬೇಡ.

ಕೊಳ್ಳುವಾಗ ಮೂರು ಮಾತು ಕೇಳಿ: ಪ್ರತಿ ಸೆಲ್ಲಿನ ಅಳತೆಯ ಪಟ್ಟಿ ಎಲ್ಲಿ? ರಕ್ಷಣಾ ಸರ್ಕ್ಯೂಟ್ ಇದೆಯೆ? ನಮ್ಮಲ್ಲಿರುವ ಚಾರ್ಜರ್ ಇದಕ್ಕೆ ಹೊಂದುತ್ತದೆಯೆ? ಉತ್ತರ ಬಾರದಿದ್ದರೆ ಹಣ ಬಿಚ್ಚಬೇಡಿ.

ಪೂರ್ತಿ ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು.

ಹಸು ಕೊಳ್ಳುವಾಗ ಕೆಚ್ಚಲು ಮುಟ್ಟಿ ನೋಡದೆ ನೀವು ಹಣ ಕೊಡುವವರಲ್ಲ. ಬ್ಯಾಟರಿಗೂ ಅದೇ ಎಚ್ಚರವಿರಲಿ.