ಕ್ಯಾಂಪಸ್ಸು ಎಲೆಕ್ಟ್ರಾನಿಕ್ ಸಿಟಿಗೆ ಬಂದ ಕತೆ

ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಜಾಲದ ನಂಟು ಅದಕ್ಕೂ ಹಳೆಯದು. ಕೇಂದ್ರ ಸರ್ಕಾರ 1986ರಲ್ಲಿ ಶುರುಮಾಡಿದ ಎರ್ನೆಟ್ ಯೋಜನೆಯ ಮೊದಲ ಎಂಟು ಸಂಸ್ಥೆಗಳಲ್ಲಿ ಅದೂ ಒಂದು. ಆಗ ವಿದ್ಯಾಸಂಸ್ಥೆ ಮುಂದಿತ್ತು, ಪೇಟೆ ಹಿಂದಿತ್ತು.

ಮುಂದಿನ ದಶಕದಲ್ಲಿ ಲೆಕ್ಕ ತಿರುಗಿತು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗಾ ಕಂಡ ಕನಸು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯಾಗಿ ಬೆಳೆಯಿತು. ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಎದ್ದಿತು. ಕಂಪನಿಗಳು ಹೊಸ ಸಾಫ್ಟ್‌ವೇರ್ ಹಿಡಿಯುವ ವೇಗಕ್ಕೆ ಕಾಲೇಜುಗಳ ಸಿಲಬಸ್ಸು ಸಾಟಿಯಾಗಲಿಲ್ಲ. ಅದು ಬದಲಾಗಬೇಕೆಂದರೆ ಮಂಡಳಿ ಸೇರಬೇಕು, ಒಪ್ಪಿಗೆ ಸಿಗಬೇಕು, ಹೊಸ ಬ್ಯಾಚು ಬರಬೇಕು.

1999ರಲ್ಲಿ ಐಐಐಟಿ-ಬೆಂಗಳೂರು ಎಂಬ ಹೊಸ ವಿದ್ಯಾಸಂಸ್ಥೆ ಈ ಅಂತರವನ್ನು ನಡಿಗೆಯಷ್ಟಕ್ಕೆ ಇಳಿಸಿತು. ಎಸ್. ಸಡಗೋಪನ್ ಅದರ ಮೊದಲ ನಿರ್ದೇಶಕರು. ತರಗತಿಗಳು ನಡೆದದ್ದು ಐಟಿಪಿಎಲ್ ಒಳಗೇ. 2003ರಲ್ಲಿ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯ ಸ್ವಂತ ಕ್ಯಾಂಪಸ್ಸಿಗೆ ಬಂತು.

ದೂರದ ಊರಿನ ಎಂಜಿನಿಯರಿಂಗ್ ಕಾಲೇಜುಗಳ ಪಾಡೇನು? 2004 ಅವಕ್ಕೆ ಮುಖ್ಯವಾದ ವರ್ಷ. ಎಲೆಕ್ಟ್ರಾನಿಕ್ ಸಿಟಿಯಿಂದ ಇನ್ಫೋಸಿಸ್ ‘ಕ್ಯಾಂಪಸ್ ಕನೆಕ್ಟ್’ ಆರಂಭಿಸಿ ತನ್ನ ತರಬೇತಿ ಪಾಠಗಳನ್ನು ಕಾಲೇಜುಗಳ ಜೊತೆ ಹಂಚಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಇಸ್ರೋ ಹಾರಿಸಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಟಿಯು ಒಂದು. ಅಧ್ಯಾಪಕರು ಸ್ಟುಡಿಯೋದಲ್ಲಿ ಪಾಠ ಮಾಡಿದರೆ ಕಾಲೇಜಿನ ಡಿಶ್ ಅದನ್ನು ತರಗತಿಗೆ ಇಳಿಸುತ್ತಿತ್ತು. ಒಳ್ಳೆಯ ಮೇಷ್ಟ್ರು ಸಿಗದ ಊರಿನ ಹುಡುಗಿಗೂ ಪರಿಣತರ ಪಾಠ ಸಿಗಬೇಕೆಂಬ ಆಸೆ ಅದರಲ್ಲಿತ್ತು, ಅದು ದೊಡ್ಡ ಆಸೆ. ತೊಡಕೆಂದರೆ, ನೇರ ಪ್ರಸಾರದ ಹೊತ್ತಿಗೆ ಕರೆಂಟು ಹೋದರೆ ಪಾಠವೂ ಹೋದಂತೆ.

ಐಐಟಿಗಳೂ ವಿಜ್ಞಾನ ಸಂಸ್ಥೆಯೂ 2003ರಿಂದ ಕೂಡಿ ಕಟ್ಟಿದ ವಿಡಿಯೋ ಪಾಠಗಳ ಯೋಜನೆ ಎನ್‌ಪಿಟಿಇಎಲ್ ಈ ಹೊತ್ತಿನ ಕಟ್ಟನ್ನು ಬಿಡಿಸಿತು. ಪಾಠ ಯೂಟ್ಯೂಬಿಗೆ ಬಂದಮೇಲೆ ಬೇಕಾದಾಗ ನೋಡಬಹುದು, ಅರ್ಥವಾಗದಿದ್ದರೆ ಹಿಂದಕ್ಕೆ ಎಳೆಯಬಹುದು. 2020ರ ಲಾಕ್‌ಡೌನ್‌ನಲ್ಲಿ ಎಲ್ಲ ಕಾಲೇಜುಗಳೂ ಈ ದಾರಿಗೆ ಬಂದವು, ತಯಾರಿ ಇದ್ದವೂ ಇಲ್ಲದವೂ.

ಈ ನಡುವೆ ಐಐಐಟಿ-ಬೆಂಗಳೂರು ಪಾಠ ಹೇಳುವುದರಾಚೆಗೆ ಇನ್ನೊಂದು ಹೆಜ್ಜೆ ಇಟ್ಟಿತ್ತು. 2018ರಲ್ಲಿ ಅಲ್ಲಿ ಶುರುವಾದ ಮೋಸಿಪ್, ಗುರುತಿನ ಚೀಟಿ ವ್ಯವಸ್ಥೆ ಕಟ್ಟಲು ಯಾವ ದೇಶವಾದರೂ ಪುಕ್ಕಟೆಯಾಗಿ ಬಳಸಬಹುದಾದ ತಂತ್ರಾಂಶ. ಫಿಲಿಪೀನ್ಸ್ ತನ್ನ ರಾಷ್ಟ್ರೀಯ ಗುರುತಿಗೆ ಅದನ್ನೇ ಆಯ್ದುಕೊಂಡಿತು.

ಬೆಂಗಳೂರಿನದೇ ಕೈಗಾರಿಕಾ ಪ್ರದೇಶವಾದ ಪೀಣ್ಯದ ಕತೆ ಬೇರೆ. ಅಲ್ಲಿ ಸಿಎನ್‌ಸಿ ಯಂತ್ರ ನಡೆಸುವ ಐಟಿಐ, ಡಿಪ್ಲೊಮಾ ಹುಡುಗರಿಗೆ ಪಾಠ ಕನ್ನಡದಲ್ಲಿ ಬೇಕು, ಪಾಳಿ ಮುಗಿದ ಮೇಲೆ ಬೇಕು. ಎನ್‌ಪಿಟಿಇಎಲ್ ಕೆಲವು ಪಾಠಗಳನ್ನು ಕನ್ನಡಕ್ಕೂ ತರುತ್ತಿದೆ. ಆ ಕೆಲಸ ಇನ್ನೂ ಬಿರುಸಾಗಬೇಕು. ಪಾಠ ಪರದೆಯ ಮೇಲೆ ಬಂದರೂ ಕೈ ಪಳಗಲು ಯಂತ್ರದ ಮುಂದೆ ನಿಲ್ಲಲೇಬೇಕಾದ್ದರಿಂದ, ಹತ್ತಿರದ ಪಾಲಿಟೆಕ್ನಿಕ್‌ಗಳು ಸಂಜೆ ತಮ್ಮ ವರ್ಕ್‌ಶಾಪಿನ ಬಾಗಿಲನ್ನೂ ತೆರೆಯಬೇಕು.