ಸಂಘದ ಕೆಲಸ ಹಂಚೋದು ಹ್ಯಾಂಗ? ಹಲಗೆಯೋ, ವಾಟ್ಸಾಪೋ, ಬೇರೆ ತಂತ್ರಾಂಶವೋ?

(ಉಗಾರ ಬುದ್ರುಕದಲ್ಲಿ ಸುತ್ತಲಿನ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆಯಿಂದ ಉಳಿತಾಯ, ಬಡ್ಡಿ, ಮರುಪಾವತಿ ಅಂತ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಈಗ ನಾವು ಆಡುವುದು ರೊಕ್ಕದ ಮಾತಲ್ಲ, ಕೆಲಸದ ಮಾತು. ಸಂಘದವರು ಕೂಡಿ ಒಂದು ಕೆಲಸ ಹಿಡಿದಾಗ ಯಾರು ಏನು ಮಾಡಬೇಕು, ಯಾವಾಗ ಮಾಡಬೇಕು, ಅದು ಎಲ್ಲಿಗೆ ಬಂತು ಎಂಬುದನ್ನು ಎಲ್ಲರಿಗೂ ಗೊತ್ತಾಗುವಂತೆ ಇಡುವುದು ಹೇಗೆ? ಇದಕ್ಕಾಗಿಯೇ ಈಗ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಬೇಕಾದಷ್ಟು ತಂತ್ರಾಂಶಗಳು ಬಂದಿವೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಅಂತ ದೊಡ್ಡ ಹೆಸರು. ಹೆಸರಿಗೆ ಅಂಜಬ್ಯಾಡ್ರಿ. ಗ್ವಾಡಿ ಮ್ಯಾಲಿನ ಕ್ಯಾಲೆಂಡರದಾಗ ಹಾಲಿನ ಲೆಕ್ಕ ಗುರುತು ಮಾಡ್ತೀರಲ್ಲ, ಅದೂ ಇದೇ ಜಾತಿಯದು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ನಮ್ಮ ಒಂದು ಸಂಘಕ್ಕೆ, ಹೆಸರು ಬೇಡ, ಅವರೂ ಇಲ್ಲೇ ಕೂತಿದ್ದಾರೆ, ಒಂದು ಮದುವೆಗೆ 2000 ಖಡಕ್ ರೊಟ್ಟಿ, 15 ಕಿಲೋ ಶೇಂಗಾ ಚಟ್ನಿಯ ಆರ್ಡರ್ ಬಂತು. ಸಂಘದಲ್ಲಿ 14 ಮಂದಿ. ಹತ್ತು ಮಂದಿ ರೊಟ್ಟಿಗೆ, ಇಬ್ಬರು ಚಟ್ನಿಗೆ, ಇಬ್ಬರು ಕಟ್ಟಿ ಕಳಿಸುವುದಕ್ಕೆ ಮತ್ತು ಲೆಕ್ಕಕ್ಕೆ. ಒಬ್ಬರು ದಿನಕ್ಕೆ ನೂರು ರೊಟ್ಟಿ ಬಡಿದರೆ ಎರಡು ದಿನದ ಕೆಲಸ. "ಎಲ್ಲಾ ಮಾತೂ ವಾಟ್ಸಾಪ್ ಗ್ರೂಪಿನಾಗ ಹಾಕ್ರಿ, ಸಾಕು" ಎಂದು ಸಲಹೆ ಕೊಟ್ಟವರು ನಾವೇ.

ಮದುವೆ ಗುರುವಾರ. ಆದರೆ ಬೀಗರು ಬರುವುದು ಅರಿಷಿಣದ ದಿನವೇ, ಆದ್ದರಿಂದ ರೊಟ್ಟಿ ಬುಧವಾರವೇ ಬೇಕು ಎಂದು ಆ ಮನೆಯವರು ಭಾನುವಾರ ರಾತ್ರಿ ತಿಳಿಸಿದರು. ಆ ಮಾತು ಗ್ರೂಪಿಗೆ ಬಂತು. ಅದರ ಮೇಲೆ ಎರಡು ಹುಟ್ಟುಹಬ್ಬದ ಹಾರೈಕೆ, ಶುಭೋದಯದ ಹೂವಿನ ಚಿತ್ರಗಳು, ಯಾರೋ ಕಳಿಸಿದ ಅಡುಗೆಯ ವಿಡಿಯೋ ಬಂದು ಕೂತವು. ಬದಲಾದ ದಿನವನ್ನು ಓದಿದವರು ಆರು ಮಂದಿ. ಉಳಿದ ಎಂಟು ಮಂದಿಗೆ ಗುರುವಾರವೇ ಗುರುವಾರ. ಚಟ್ನಿಯ ಕಥೆ ಇನ್ನೂ ಚಂದ. ಶೇಂಗಾ ಅಕೀ ತರತಾಳ ಅಂತ ಈಕಿ, ಈಕಿ ತರತಾಳ ಅಂತ ಅಕೀ. ಬುಧವಾರ ಬೆಳಿಗ್ಗೆ 1400 ರೊಟ್ಟಿ ಆಗಿದ್ದವು, ಚಟ್ನಿಗೆ ಶೇಂಗಾ ಇನ್ನೂ ಹುರಿದಿರಲಿಲ್ಲ. ಮದುವೆಯವರು ರೊಕ್ಕ ಕಡಿದರು, ಅದು ನ್ಯಾಯವೇ. ರೊಕ್ಕ ಹೋದದ್ದಕ್ಕಿಂತ ಹೆಚ್ಚಿನ ದುಃಖ ಎಂದರೆ ಎರಡು ವಾರ ಸಂಘದ ಸಭೆಯೇ ಸೇರಲಿಲ್ಲ. "ನಾ ಹೇಳಿದ್ನಿ", "ನನಗ ಯಾರೂ ಹೇಳಿಲ್ಲ" ಎಂಬ ಎರಡೇ ಮಾತು. ಹನ್ನೊಂದು ವರ್ಷ ವಾರ ತಪ್ಪದೆ ಉಳಿತಾಯ ಕಟ್ಟಿದ ಸಂಘ ಒಂದು ಗಂಟು ಶೇಂಗಾದ ಸಲುವಾಗಿ ಒಡೆಯುವ ಹಂತಕ್ಕೆ ಬಂದಿತ್ತು.

ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಲು ಹೊರಟವನ ಮಾತು ಹೇಳುತ್ತಾರೆ. ಮೊದಲು ಕೂತು ಲೆಕ್ಕ ಹಾಕದಿದ್ದರೆ ಅಡಿಪಾಯಕ್ಕೇ ಕೆಲಸ ನಿಂತು, ನೋಡುವವರು ನಗುತ್ತಾರೆ ಎಂದು. ಆ ವಾರ ನಾವು ಅದೇ ಗೋಪುರದವರಾದೆವು. ಆಮೇಲೆ ಆ ಸಂಘದವರನ್ನು ಕೂಡಿಸಿ, ಬೈಗುಳ ತಿಂದು, ಮೂರು ತಿಂಗಳು ಬೇರೆ ಬೇರೆ ರೀತಿಗಳನ್ನು ಮಾಡಿ ನೋಡಿದೆವು.

ಮೊದಲು ಫೋನುಗಳನ್ನು ಎಣಿಸಿದೆವು. ಇದನ್ನು ನೀವೂ ನಿಮ್ಮ ಸಂಘದಲ್ಲಿ ಎಣಿಸಬೇಕು. 14 ಮಂದಿಯಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಇದ್ದವರು ಐದು ಮಂದಿ. ನಾಲ್ಕು ಮಂದಿಗೆ ಗಂಡನದೋ ಮಗನದೋ ಫೋನು. ಮಗ ಕಾಲೇಜಿಗೆ ಹೋದನೆಂದರೆ ಫೋನೂ ಕಾಲೇಜಿಗೆ ಹೋಗ್ತದ, ಸಂಜೀತನಕ ಸುದ್ದಿ ಇಲ್ಲ. ಉಳಿದ ಐದು ಮಂದಿಯದು ಒತ್ತುವ ಗುಂಡಿಯ ಫೋನು. ಗ್ರೂಪಿನಲ್ಲಿ 14 ನಂಬರ್ ಇದ್ದಿದ್ದರೆ ಒಂದು ಮಾತು. ಇದ್ದದ್ದು ಒಂಬತ್ತು. ಅದನ್ನು ನಾವು ಆರ್ಡರ್ ಹಿಡಿಯುವ ಮೊದಲು ನೋಡಿರಲೇ ಇಲ್ಲ.

ವಾಟ್ಸಾಪನ್ನು ಪೂರ್ತಿ ಬೈಯುವುದು ಬೇಡ. ಅದು ಕನ್ನಡದಲ್ಲಿ ಸಿಗುತ್ತದೆ, ಎಲ್ಲರಿಗೂ ರೂಢಿ ಇದೆ, ಓದಲು ಬಾರದವರು ಧ್ವನಿಯಲ್ಲಿ ಹೇಳಬಹುದು, ಕೇಳಬಹುದು. ದೊಡ್ಡ ದೊಡ್ಡ ತಂತ್ರಾಂಶಗಳಿಗಿಂತ ಈ ಒಂದು ವಿಷಯದಲ್ಲಿ ಅದೇ ಮೇಲು ಎಂದು ನಮ್ಮ ಅಭಿಪ್ರಾಯ. ಆದರೆ ಅದು ಹರಿಯುವ ಹೊಳೆ. ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ಕುಡಚಿ ದಾಟಿರುತ್ತದೆ. ಅದಕ್ಕೆ ಎರಡು ಉಪಾಯ ಮಾಡಿದೆವು. ಕೆಲಸಕ್ಕೆಂದೇ ಬೇರೆ ಗ್ರೂಪು ತೆರೆದು, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಟ್ಟೆವು. ಹೂವಿನ ಚಿತ್ರ ಹಳೆಯ ಗ್ರೂಪಿಗೇ ಹೋಗಲಿ. ಎರಡನೆಯದು, ದಿನಾಂಕದ ಮಾತನ್ನು ಪಿನ್ ಮಾಡುವುದು. ಪಿನ್ ಮಾಡಿದರೆ ಆ ಮಾತು ಮೇಲೇ ನಿಲ್ಲುತ್ತದೆ, 24 ತಾಸು, 7 ದಿನ ಅಥವಾ 30 ದಿನ, ನಾವು ಆರಿಸಿದಷ್ಟು. ಇಷ್ಟಾದರೂ ಯಾರ ಕೆಲಸ ಎಲ್ಲಿಗೆ ಬಂತು ಎಂಬುದು ಅದರಲ್ಲಿ ಕಾಣುವುದಿಲ್ಲ. ಮಾತು ಕಾಣುತ್ತದೆ, ಕೆಲಸ ಕಾಣುವುದಿಲ್ಲ.

ಇನ್ನು ಕಂಪನಿಗಳವರು ಬಳಸುವ ಟ್ರೆಲೋ, ಆಸನ, ನಮ್ಮ ಚೆನ್ನೈ ಮೂಲದ ಜೋಹೋದವರ ಜೋಹೋ ಪ್ರಾಜೆಕ್ಟ್ಸ್ ಮುಂತಾದವು. ಎಲ್ಲವನ್ನೂ ಹೇಳುತ್ತ ಕೂತರೆ ನಿಮ್ಮ ಬಸ್ಸು ತಪ್ಪುತ್ತದೆ. ಇವುಗಳಲ್ಲಿ ನಮ್ಮ ಕೆಲಸಕ್ಕೆ ತೀರ ಹತ್ತಿರದ್ದು 2011ರಲ್ಲಿ ಅಮೇರಿಕದಲ್ಲಿ ಶುರುವಾದ ಟ್ರೆಲೋ. ಫೋನು ತೆರೆದರೆ ಒಂದು ಹಲಗೆ ಕಾಣುತ್ತದೆ. ಹಲಗೆಯ ಮೇಲೆ ಮೂರು ಸಾಲು: ಮಾಡಬೇಕಾದ್ದು, ನಡೆದಿರುವುದು, ಮುಗಿದದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಚೀಟಿಯ ಮೇಲೆ ಮಾಡುವವರ ಹೆಸರು, ಮುಗಿಸುವ ದಿನ. ಕೆಲಸ ಮುಂದೆ ಹೋದಂತೆ ಬೆರಳಿನಿಂದ ಚೀಟಿಯನ್ನು ಮುಂದಿನ ಸಾಲಿಗೆ ಎಳೆಯುವುದು. ಅಷ್ಟೇ.

ಈ ಚೀಟಿಯ ವಿದ್ಯೆ ಕಂಪ್ಯೂಟರಿನವರು ಹುಟ್ಟಿಸಿದ್ದಲ್ಲ. ಜಪಾನಿನ ಟೊಯೋಟಾ ಕಾರು ಕಾರ್ಖಾನೆಯಲ್ಲಿ ತೈಚಿ ಓನೋ ಎಂಬ ಎಂಜಿನಿಯರ್ ಇದನ್ನು ಬಳಕೆಗೆ ತಂದರು. ಅದರ ಹೆಸರು ಕಾನ್‌ಬಾನ್, ಅಂದರೆ ಫಲಕ. ಮುಂದಿನವರು ಚೀಟಿ ಕಳಿಸಿದ ಮೇಲೆಯೇ ಹಿಂದಿನವರು ಮಾಲು ಮಾಡಬೇಕು, ಸುಮ್ಮನೆ ಮಾಡಿ ಒಟ್ಟಬಾರದು. ನಿಮಗೆ ಇದು ಹೊಸದೇನಲ್ಲ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವ ಮನೆಯವರು ನೀವು. ಕಡಿಯುವ ಚೀಟಿ ಬಂದ ಮೇಲೆ ತಾನೇ ಗ್ಯಾಂಗಿನವರು ಹೊಲಕ್ಕೆ ಬರುವುದು? ಎಲ್ಲರೂ ಒಂದೇ ದಿನ ಕಡಿದರೆ ಕಾರ್ಖಾನೆ ಮುಂದೆ ಗಾಡಿ ನಿಂತು ಕಬ್ಬು ಒಣಗುತ್ತದೆ. ಚೀಟಿ ಇದ್ದಲ್ಲಿ ಸರದಿ ಇರುತ್ತದೆ. ರೊಟ್ಟಿಯ ಕೆಲಸವೂ ಹಾಗೆಯೇ: ಗಿರಣಿಯಿಂದ ಹಿಟ್ಟು ಬಾರದೆ ಹಂಚು ಕಾಯಿಸಿ ಏನು ಮಾಡೋದು?

ಟ್ರೆಲೋ ನಮಗೆ ಮೂರು ಕಡೆ ಮುಗ್ಗರಿಸಿತು. ಚೀಟಿಯಲ್ಲಿ ಕನ್ನಡ ಬರೆಯಬಹುದು, ಆದರೆ ಗುಂಡಿಗಳ ಹೆಸರು, ಅದು ಕಳಿಸುವ ಸೂಚನೆ ಎಲ್ಲ ಇಂಗ್ಲಿಷ್. ಪುಕ್ಕಟೆ ಕೊಡುವುದು ಒಂದು ತಂಡಕ್ಕೆ ಹತ್ತು ಜನರ ತನಕ ಮಾತ್ರ, ನಮ್ಮವರು 14. ಹೆಚ್ಚಿನವರಿಗೆ ತಲೆಗೆ ಇಷ್ಟು ಡಾಲರ್ ಅಂತ ತಿಂಗಳ ಬಾಡಿಗೆ. ನಾಲ್ಕು ಮಂದಿಯನ್ನು ಹೊರಗೆ ಬಿಟ್ಟು ಹತ್ತು ಮಂದಿ ಸೇರಿಕೊಂಡರೆ ಅದು ಸಂಘ ಆಗುವುದಿಲ್ಲ. ಮೂರನೆಯದು, ಗುಂಡಿ ಫೋನಿನವರಿಗೆ ಅದು ಇದ್ದೂ ಇಲ್ಲದಂತೆ. ಹಾಗೆಂದು ಅದು ಕೆಟ್ಟದ್ದಲ್ಲ. ಒಕ್ಕೂಟದ ಕಚೇರಿಯಲ್ಲಿ ನಾಲ್ಕೈದು ಮಂದಿ ಕಾರ್ಯಕರ್ತೆಯರು ಹತ್ತು ಹಳ್ಳಿಯ ತರಬೇತಿ ನೋಡಿಕೊಳ್ಳುವಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ನಾವು ನಮ್ಮ ಪ್ರವಾಸಕ್ಕೆ ಅದನ್ನೇ ಇಟ್ಟುಕೊಂಡಿದ್ದೇವೆ.

ಗೂಗಲ್ ಶೀಟ್ಸ್ ಎಂಬುದು ಮನೆಗಳು ಹಾಕಿದ ದೊಡ್ಡ ಕಾಗದ ಇದ್ದಂತೆ. ಒಂದೇ ಕಾಗದವನ್ನು ಎಲ್ಲರೂ ತಮ್ಮ ಫೋನಿನಲ್ಲಿ ನೋಡಬಹುದು, ಕನ್ನಡದಲ್ಲಿ ಬರೆಯಬಹುದು, ಪುಕ್ಕಟೆ. ಮೊದಲೇ ಗುರುತು ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದಾಗಲೂ ತೆರೆಯುತ್ತದೆ. ಕೂಡಿಸುವ ಲೆಕ್ಕ ತಾನೇ ಮಾಡುತ್ತದೆ: ಯಾರು ಎಷ್ಟು ರೊಟ್ಟಿ ಕೊಟ್ಟರು, ಎಷ್ಟು ಬಾಕಿ. ಆದರೆ ಸಣ್ಣ ಫೋನಿನಲ್ಲಿ ಮನೆಗಳು ಇರುವೆಯಂತೆ ಕಾಣುತ್ತವೆ. ಒಮ್ಮೆ ಒಬ್ಬರ ಮೊಮ್ಮಗು ಆಟವಾಡುತ್ತ ಒಂದು ಸಾಲನ್ನೇ ಅಳಿಸಿತು. ಕಂಪ್ಯೂಟರಿನಲ್ಲಿ ತೆರೆದು ಹಳೆಯ ಪ್ರತಿಗೆ ಹಿಂದಿರುಗಿ ಆ ಸಾಲನ್ನು ಉಳಿಸಿಕೊಂಡೆವು. ಅದಕ್ಕೇ ಬರೆಯುವ ಅಧಿಕಾರ ಇಬ್ಬರಿಗೆ ಕೊಟ್ಟು, ಉಳಿದವರಿಗೆ ನೋಡುವ ಅಧಿಕಾರ ಕೊಡುವುದು ಒಳ್ಳೆಯದು.

ಇಲ್ಲಿ ಒಂದು ಮಾತನ್ನು ನಿಂತು ಹೇಳಬೇಕು. ಆ ಕಾಗದವನ್ನು ತೆರೆದವಳು ಸಂಘದ ಲೆಕ್ಕ ಬರೆಯುವ ಹುಡುಗಿ, ತನ್ನ ಸ್ವಂತ ಖಾತೆಯಲ್ಲಿ. ಎರಡು ತಿಂಗಳಿಗೆ ಅವಳ ಮದುವೆಯಾಗಿ ಬೇರೆ ಊರಿಗೆ ಹೋದಳು. ಕಾಗದವೂ ಅವಳ ಸಂಗಡ ಗಂಡನ ಮನೆಗೆ ಹೋದಂತಾಯಿತು. ಅವಳು ಒಳ್ಳೆಯವಳು, ಫೋನಿನಲ್ಲೇ ಒಡೆತನ ಬಿಟ್ಟುಕೊಟ್ಟಳು. ಜಗಳವಾಡಿ ಹೋಗಿದ್ದರೆ? ನಿಮ್ಮ ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಮನೆಯಲ್ಲಿ ಇಡುತ್ತೀರಿ. ಯಾರ ಮೇಲೂ ಸಂಶಯಕ್ಕಲ್ಲ, ಪದ್ಧತಿ ಅಂತ. ಫೋನಿನ ಕಡತಕ್ಕೂ ಆ ಪದ್ಧತಿ ಬೇಕು. ಸಂಘದ ಹೆಸರಿನಲ್ಲಿ ಬೇರೆ ಖಾತೆ ತೆರೆಯಿರಿ. ಒಬ್ಬರ ನಂಬರ್ ಹಾಕಿದರೆ, ಮರಳಿ ಪಡೆಯುವುದಕ್ಕೆಂದು ಇನ್ನೊಬ್ಬರ ನಂಬರನ್ನೂ ಕೊಡಿರಿ. ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯಲ್ಲಿ ಇಡಿರಿ. ಫೋನಿಗೆ ಬರುವ ಒಟಿಪಿಯನ್ನು ಹೊರಗಿನ ಯಾರು ಕೇಳಿದರೂ, ಬ್ಯಾಂಕಿನವರು ಅಂದರೂ, ಕೊಡಬ್ಯಾಡ್ರಿ.

ಸಂಘದ ರೊಕ್ಕದ ಲೆಕ್ಕದ ತಂತ್ರಾಂಶವೇ ಬೇರೆ, ಅದನ್ನು ಇದರೊಳಗೆ ಕಲಸಬಾರದು. ನಬಾರ್ಡಿನವರು 2015ರಲ್ಲಿ ಇ-ಶಕ್ತಿ ಎಂಬ ಯೋಜನೆಯನ್ನು ಜಾರ್ಖಂಡದ ರಾಮಗಢ, ಮಹಾರಾಷ್ಟ್ರದ ಧುಳೆ ಜಿಲ್ಲೆಗಳಲ್ಲಿ ಮೊದಲು ಆರಂಭಿಸಿ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದರು; ಸದಸ್ಯೆಯರ ಫೋನಿಗೆ ಎಸ್ಎಂಎಸ್ ಹೋಗುವ ವ್ಯವಸ್ಥೆಯೂ ಅದರಲ್ಲಿತ್ತು. ಸರ್ಕಾರದ ಜೀವನೋಪಾಯ ಅಭಿಯಾನದ ಸಂಘಗಳಿಗೆ ಲೋಕ್‌ಒಎಸ್ ಎಂಬ ಆ್ಯಪ್ ಇದೆ. ಇವು ಉಳಿತಾಯ, ಸಾಲ, ಹಾಜರಿ ಬರೆಯುತ್ತವೆ. ಶೇಂಗಾ ಯಾರು ತರಬೇಕು ಎಂದು ಹೇಳುವುದಿಲ್ಲ. ಮತ್ತು ಇವು ಬಂದವೆಂದು ನಡಾವಳಿ ಪುಸ್ತಕ, ನಗದು ಪುಸ್ತಕ ಬಿಡುವಂತಿಲ್ಲ. ಪಂಚಸೂತ್ರದಲ್ಲಿ ಐದನೆಯದು ಸರಿಯಾದ ಪುಸ್ತಕ ಬರವಣಿಗೆ. ಸಹಿ, ಹೆಬ್ಬೆಟ್ಟು ಬೀಳುವುದು ಅಲ್ಲಿಯೇ.

ಆದರೆ ಪುಸ್ತಕಕ್ಕೂ ಒಂದು ಭಯ ಇದೆ, ಅದನ್ನು ಕೃಷ್ಣೆಯ ದಂಡೆಯ ನಿಮಗೆ ಬಿಡಿಸಿ ಹೇಳಬೇಕಿಲ್ಲ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವರು ಪುಸ್ತಕ ಎಲ್ಲಿಂದ ತರಬೇಕು? ತೊಯ್ದ ಪುಸ್ತಕದ ಹಾಳೆ ಒಂದಕ್ಕೊಂದು ಅಂಟಿ, ಶಾಯಿ ಹರಡಿ, ಯಾರ ಸಾಲ ಎಷ್ಟು ಎಂಬುದು ನೆನಪಿನ ಮೇಲೆ ಬಂದು ನಿಲ್ಲುತ್ತದೆ. ನೆನಪು ಎಲ್ಲರದೂ ಒಂದೇ ಇರುವುದಿಲ್ಲ. ಆದ್ದರಿಂದ ಸಭೆ ಮುಗಿದ ಕೂಡಲೇ, ಸಹಿ ಆದ ಮೇಲೆ, ಆ ವಾರದ ಹಾಳೆಯ ಫೋಟೋ ತೆಗೆದು ಕೆಲಸದ ಗ್ರೂಪಿಗೆ ಹಾಕಿರಿ. ಎರಡು ನಿಮಿಷದ ಕೆಲಸ. ಒಂಬತ್ತು ಫೋನಿನಲ್ಲಿ ಪ್ರತಿ ಇದ್ದರೆ ಒಂಬತ್ತು ಊರಿಗೆ ಹೊಳೆ ಬರಬೇಕು ಅದನ್ನು ಅಳಿಸಲು.

ಕೊನೆಗೆ ಆ ಸಂಘದವರು ಆರಿಸಿದ್ದು ಯಾವುದು ಅಂದರೆ, ಗ್ವಾಡಿಗೆ ಒಂದು ಹಲಗೆ. ಸಭೆ ನಡೆಯುವ ಮನೆಯ ಪಡಸಾಲೆಯಲ್ಲಿ ಒಂದು ಥರ್ಮೊಕೋಲ್ ಹಾಳೆ, ಮೂರು ಸಾಲು, ಪಿನ್ನು, ಬಣ್ಣದ ಚೀಟಿ. ಓದಲು ಬಾರದ ಮೂವರು ಇದ್ದಾರೆ. ಅವರಿಗಾಗಿ ರೊಟ್ಟಿಗೆ ದುಂಡು ಗೆರೆ, ಚಟ್ನಿಗೆ ಶೇಂಗಾದ ಕಾಯಿ, ಗಿರಣಿಗೆ ಚೀಲದ ಚಿತ್ರ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚುಕ್ಕಿ. ಚೀಟಿಯ ಮೇಲೆ ಒಂದೇ ಚುಕ್ಕಿ ಇರಬೇಕು ಎಂಬುದು ಅವರೇ ಮಾಡಿದ ಕಾನೂನು. ಇಬ್ಬರ ಚುಕ್ಕಿ ಇದ್ದರೆ ಶೇಂಗಾ ಬರುವುದಿಲ್ಲ, ಅದು ಅವರಿಗೆ ಗೊತ್ತು. ಕೆಲಸ ಮುಗಿಸಿದವರೇ ಬಂದು ತಮ್ಮ ಚೀಟಿಯನ್ನು ಮುಂದಿಡಬೇಕು. ಸಂಜೆ ಒಬ್ಬರು ಹಲಗೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿ ಅದನ್ನೇ ಪಿನ್ ಮಾಡುತ್ತಾರೆ. ಗುಂಡಿ ಫೋನಿನ ಐದು ಮಂದಿಗೆ, ಸ್ವಂತ ಸ್ಮಾರ್ಟ್‌ಫೋನಿನ ಐದು ಮಂದಿ ತಲೆಗೊಬ್ಬರಂತೆ ಫೋನು ಮಾಡಿ ಹೇಳುತ್ತಾರೆ. ಆ ಜೋಡಿಗಳ ಹೆಸರೂ ಹಲಗೆಯ ಮೂಲೆಯಲ್ಲಿ ಇದೆ. ರೊಟ್ಟಿಯ ಎಣಿಕೆ ಮಾತ್ರ ಗೂಗಲ್ ಶೀಟ್ಸಿನಲ್ಲಿ.

ಒಬ್ಬ ಅವ್ವಾರು ಕೇಳಿದರು, "ಇಷ್ಟ ಮಾಡಾಕ ಮೂರ ತಿಂಗಳ ಬೇಕಾತೇನ್ರಿ ನಿಮಗ?" ಬೇಕಾಯಿತು. ಹಲಗೆ ಸಾಕು ಎಂದು ಮೊದಲ ದಿನವೇ ಹೇಳಿದ್ದರೆ, ಫೋನು ಇದ್ದವರು ನಮ್ಮನ್ನು ಹಿಂದುಳಿದವರಾಗಿ ಮಾಡುತ್ತೀರಾ ಎಂದು ಸಿಟ್ಟಾಗುತ್ತಿದ್ದರು. ಎಲ್ಲವನ್ನೂ ಮುಟ್ಟಿ ನೋಡಿದ ಮೇಲೆ ಅವರೇ ಆರಿಸಿದರು. ನಿಮ್ಮ ಸಂಘದಲ್ಲಿ 14ಕ್ಕೆ 14 ಮಂದಿಗೂ ಒಳ್ಳೆಯ ಫೋನು ಇದ್ದರೆ ನಿಮ್ಮ ಆಯ್ಕೆ ಬೇರೆ ಆಗಬಹುದು, ಆಗಲಿ.

ಆ ಸಂಘದವರಿಗೆ ಆಮೇಲೆ 1200 ರೊಟ್ಟಿಯ ಒಂದು ಆರ್ಡರ್ ಬಂತು. ಹಿಂದಿನ ದಿನ ಸಂಜೆಯೇ ಮುಗಿಯಿತು. ಒಂದು ಚೀಟಿ ಮಾತ್ರ ನಡುವಿನ ಸಾಲಿನಲ್ಲೇ ಉಳಿದಿತ್ತು, ಗಾಡಿ ಹೇಳುವುದು. ಹಸಿರು ಚುಕ್ಕಿ. ಹಲಗೆ ನೋಡಿದವರೆಲ್ಲ ಆಕೆಗೇ ಫೋನು ಮಾಡಿದರಂತೆ, ಒಟ್ಟು ಏಳು ಮಂದಿ. "ಗಾಡಿ ಹೇಳೇನಿ, ಚೀಟಿ ಸರಿಸೂದ ಮರ್ತೇನ್ರೆವ್ವಾ" ಅಂತ ಎಂಟನೆಯ ಫೋನು ಬರುವ ಮೊದಲೇ ಓಡಿ ಬಂದು ಚೀಟಿ ಸರಿಸಿದಳು.

ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಸಂಘದಲ್ಲಿ ಯಾರ ಬಳಿ ಯಾವ ಫೋನು, ಅದು ದಿನದಲ್ಲಿ ಎಷ್ಟು ಹೊತ್ತು ನಿಮ್ಮ ಕೈಯಲ್ಲಿ ಇರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿರಿ. ಹಲಗೆಗೆ ಪಿನ್ನು, ಚೀಟಿ ನಾವು ತರುತ್ತೇವೆ.