ಹವಳದಿಬ್ಬದ ನಿಶಾಚರ



ಈ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ, ಪಾಳಿ ಮುಗಿಸಿ ಬಂದು ಕುಳಿತಿರುವ ತಮ್ಮೆದುರು ಕಡಲಿನ ಮುಳ್ಳುಪ್ರಾಣಿಯೊಂದರ ವೃತ್ತಾಂತವನ್ನು ಹೇಳಹೊರಡುವುದು ಅಪ್ರಸ್ತುತವೆಂದು ಕೆಲವರಿಗಾದರೂ ತೋರೀತು. ಆದರೆ ನಮ್ಮ ಧಾರವಾಡದ ವಿಶ್ವವಿದ್ಯಾಲಯವೇ ಕಾರವಾರದ ಕೋಡಿಬಾಗದಲ್ಲಿ ಸಾಗರಜೀವಶಾಸ್ತ್ರದ ವಿಭಾಗವನ್ನು ತೆರೆದಿರುವಾಗ, ಕಡಲು ನಮಗೆ ಪರಕೀಯವೆನ್ನಲು ಬಾರದು.

ಡಯಾಡೆಮಾ ಸೆಟೋಸಮ್ ಎಂಬ ಶಾಸ್ತ್ರನಾಮದ, ನೀಳಮುಳ್ಳಿನ ಈ ಕಡಲ ಅರ್ಚಿನ್ನು ಕೆಂಪು ಸಮುದ್ರದಿಂದ ಪಶ್ಚಿಮ ಪೆಸಿಫಿಕ್ಕಿನವರೆಗಿನ ಬೆಚ್ಚನೆಯ, ಆಳವಲ್ಲದ ನೀರಿನ ನಿವಾಸಿ. ನಮಗೆ ಸಮೀಪದ ನೆಲೆಯೆಂದರೆ ಲಕ್ಷದ್ವೀಪ. ಅಲ್ಲಿನ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದು ನಮ್ಮಲ್ಲಿ ಅನೇಕರಿಗೆ ಮರೆತೇಹೋಗಿದೆ.

ಹಗಲೆಲ್ಲ ಹವಳದ ಸಂದುಗೊಂದುಗಳಲ್ಲಿ ಅಡಗಿರುವ ಈ ಕರಿಯ ಗೋಳದ ಮೈತುಂಬ ಟೊಳ್ಳಾದ, ಸೂಜಿಮೊನೆಯ ಮುಳ್ಳುಗಳು; ಚುಚ್ಚಿದೊಡನೆ ಚರ್ಮದೊಳಗೇ ಮುರಿದು ಉಳಿಯುವಷ್ಟು ಪೆಡಸು. ಬೆನ್ನಿನ ಮೇಲೆ ಐದು ಬಿಳಿಯ ಚುಕ್ಕೆಗಳು, ಅವುಗಳ ನಡುವೆ ಕಿತ್ತಳೆ ಬಣ್ಣದ ಒಂದು ಬಳೆ. ದಿಟ್ಟಿಸಿ ನೋಡುತ್ತಿರುವ ಕಣ್ಣೆಂದು ಭ್ರಮೆ ಹುಟ್ಟಿಸುವ ಆ ಬಳೆ ಸುತ್ತುವರಿದಿರುವುದು, ಸಭ್ಯರು ಕ್ಷಮಿಸಬೇಕು, ಅದರ ಗುದದ್ವಾರವನ್ನು! ನಿಜವಾದ ಕಣ್ಣುಗಳು ಅದಕ್ಕಿಲ್ಲ. ಆದರೂ ನೆರಳು ಬಿದ್ದರೆ ಸಾಕು, ಬೆಳಕನ್ನರಿಯುವ ಚರ್ಮದ ಪ್ರೇರಣೆಯಿಂದ ಮುಳ್ಳುಗಳು ಆ ದಿಕ್ಕಿಗೆ ತಿರುಗುತ್ತವೆ. ಆ ಮುಳ್ಳುಗಳ ಸಂದಿನಲ್ಲಿಯೇ ಪುಟ್ಟ ಮೀನುಗಳು, ಸೀಗಡಿಗಳು ನಿರ್ಭಯವಾಗಿ ವಾಸಿಸುವುದನ್ನು ಕಂಡಾಗ, ಕ್ರೌರ್ಯವೆಂಬ ಅಪವಾದವನ್ನು ಇದಕ್ಕೆ ಹೊರಿಸಿದ್ದು ಅವಸರದ ತೀರ್ಪೆಂದು ನನಗನ್ನಿಸುತ್ತದೆ.

ಇರುಳಾದೊಡನೆ ಹೊರಬಂದು, ಅರಿಸ್ಟಾಟಲನ ಲಾಂದ್ರವೆಂದು ಹೆಸರಾದ ಐದು ಹಲ್ಲಿನ ಬಾಯಿಯಿಂದ ಬಂಡೆಗಂಟಿದ ಪಾಚಿಯನ್ನು ಕೆರೆದು ತಿನ್ನುವುದೇ ಅದರ ವೃತ್ತಿ. ನಮ್ಮ ಎರೆಹೊಲದಲ್ಲಿ ಎಡೆಕುಂಟೆ ಮಾಡುವ ಕೆಲಸವನ್ನೇ ಇದು ಹವಳದಿಬ್ಬದಲ್ಲಿ ಮಾಡುತ್ತದೆ. ಪಾಚಿ ತೆರವಾದ ಬಂಡೆಯ ಮೇಲಲ್ಲದೆ ಹವಳದ ಮರಿಗಳು ನೆಲೆಯೂರಲಾರವು. 1983ರಲ್ಲಿ ಕೆರಿಬಿಯನ್ ಕಡಲಿನಲ್ಲಿ ಇದರ ಸೋದರ ಪ್ರಭೇದವು ರೋಗಕ್ಕೆ ತುತ್ತಾಗಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ನಾಶವಾದ ತರುವಾಯ, ಅದಾಗಲೇ ಬಿರುಗಾಳಿಯಿಂದ ಜರ್ಜರಿತವಾಗಿದ್ದ ಜಮೈಕಾದ ಹವಳದಿಬ್ಬಗಳನ್ನು ಪಾಚಿಯೇ ಆವರಿಸಿಕೊಂಡಿತು. 2022-23ರಲ್ಲಿ ಕೆಂಪು ಸಮುದ್ರದಲ್ಲಿ ನಮ್ಮ ಕಥಾನಾಯಕನಿಗೇ ಅಂಥ ಗತಿ ಒದಗಿತು; ಕಾರಣವು ಏಕಕೋಶದ ಒಂದು ಪರೋಪಜೀವಿ. ಹಾಗೆಂದು ಇದರ ಸಂತತಿ ಮಿತಿಮೀರಿದರೂ ಕ್ಷೇಮವಲ್ಲ. ಪಾಚಿಯೊಡನೆ ಹವಳದ ಸುಣ್ಣವೂ ಸವೆದುಹೋಗುತ್ತದೆ.

ತಮ್ಮಲ್ಲಿ ಯಾರಾದರೂ ಮುಂದೆ ಲಕ್ಷದ್ವೀಪಕ್ಕೆ ಹೋದಲ್ಲಿ, ದಪ್ಪ ಅಟ್ಟೆಯ ಪಾದರಕ್ಷೆ ಧರಿಸಿ ನೀರಿಗಿಳಿಯಿರಿ. ಮುಳ್ಳು ಚುಚ್ಚಿತೆಂಬ ಕೋಪದಿಂದ ಆ ಪ್ರಾಣಿಯನ್ನು ಕಲ್ಲಿನಿಂದ ಜಜ್ಜದೆ, ಅದರ ಪಾಡಿಗೆ ಬಿಟ್ಟುಬಿಡಿರೆಂದು ನನ್ನ ವಿನಂತಿ.